ಉಳಿಕೆ ಬೆಳ್ಳಿ

ಅಪ್ಪ ಪೀಚೆಕತ್ತಿಯ ಒರೆಗೆ ಬೆಳ್ಳಿ ಹೊದಿಸುತ್ತಿದ್ದ.
ನಾನು ಹಲ್ಲಿಗೆ.
ಐರಿಗಳ ಮಗ ಕುಲುಮೆ ಬಿಟ್ಟ ಎಂದರು ಊರಲ್ಲಿ.
ಬಿಟ್ಟದ್ದು ಬೆಂಕಿಯನ್ನು ಮಾತ್ರ.

ವಿರಾಜಪೇಟೆ, ಗಡಿಯಾರ ಕಂಬದಿಂದ ನಾಲ್ಕು ಹೆಜ್ಜೆ,
ಮಹಡಿಯ ಮೇಲೆ ಸಲ್ಡಾನ ಡಾಕ್ಟರ ಕ್ಲಿನಿಕ್ಕು.
ಕಾಲಲ್ಲಿ ತುಳಿಯುವ ಡ್ರಿಲ್ಲು, ಕಾವಿ ನೆಲ,
ಮೂಲೆಯಲ್ಲಿ ನಾನು, ಮುಂದೆ
ಅಂಗೈಯಗಲದ ಗಾಜಿನ ಒರಳು.

ಪುಡಿ ಪೊಟ್ಟಣದಲ್ಲಿ ಬರುತ್ತಿತ್ತು, ಒಲೆಬೂದಿಯ ಬಣ್ಣ:
ಬೆಳ್ಳಿಯೇ ಹೆಚ್ಚು, ತವರ ಅದರ ಮೂರರಲ್ಲೊಂದು,
ತಾಮ್ರ ಚಿಟಿಕೆ, ಸತು ಚಿಟಿಕೆಗೂ ಕಡಿಮೆ.
ಪಾದರಸದ ಸೀಸೆ ಮುಷ್ಟಿಯಷ್ಟು,
ಎತ್ತಿದರೆ ಗುಂಡುಕಲ್ಲು.
ಎರಡನ್ನೂ ಅರೆಯಬೇಕು. ಮೆಣಸು ಕುಟ್ಟಿದ ಹಾಗಲ್ಲ,
ಹಸುಗೂಸಿಗೆ ಬಜೆ ತೇಯ್ದ ಹಾಗೆ,
ಪುಡಿ ಪುಡಿಯಾಗಿಯೇ ಇದ್ದು ಇದ್ದು
ಥಟ್ಟನೆ ಬೆಣ್ಣೆಯಾಗುವ ತನಕ.
ತೊಗಲಿನ ತುಂಡಲ್ಲಿ ಕಟ್ಟಿ ಹಿಂಡಿದರೆ
ಹೆಚ್ಚಾದ ರಸ ಹನಿಹನಿ ಹೊರಗೆ,
ಒಳಗೆ ಕಿರ್ ಎನ್ನುವ ಉಂಡೆ. ಆ ಸದ್ದೇ ಹದ.
ಬರಿಗೈಯಲ್ಲೇ ಹಿಂಡಿದೆ, ಇಪ್ಪತ್ತೆರಡು ವರ್ಷ.
ಯಾರೂ ಬೇಡವೆನ್ನಲಿಲ್ಲ. ಗೊತ್ತಿರಲಿಲ್ಲ,
ಅಥವಾ ಗೊತ್ತಿತ್ತು.
ಈಗ ಲೋಟ ಹಿಡಿದರೆ ಕಾಫಿ ತಟ್ಟೆಗೆ ತುಳುಕುತ್ತದೆ.
ವಯಸ್ಸು, ಅನ್ನುತ್ತಾಳೆ ಇವಳು.

ಬಾಯಿ ತೆರೆದು ಕೂತವರಿಗೆ ಕತೆ ಹೇಳುವುದು
ಡಾಕ್ಟರ ಚಟ. ಎದುರಾಡುವಂತಿಲ್ಲವಲ್ಲ ಅವರು!
ಚೀನಾದವರಿಗೆ ಸಾವಿರ ವರ್ಷದ ಹಿಂದೆಯೇ ಗೊತ್ತಂತೆ.
ಫ್ರಾನ್ಸಿನಲ್ಲಿ ಬೆಳ್ಳಿ ನಾಣ್ಯವನ್ನೇ ಅರದಲ್ಲಿ ಉಜ್ಜಿ
ರಸ ಬೆರೆಸಿ ತುರುಕುತ್ತಿದ್ದರಂತೆ,
ಉಬ್ಬಿ ಹಲ್ಲನ್ನೇ ಸೀಳುತ್ತಿತ್ತಂತೆ ಅದು.
ಅಮೆರಿಕದಲ್ಲಿ ಇದನ್ನು ತುಂಬಿದವರನ್ನು
ಸಂಘದಿಂದಲೇ ಹೊರಗಟ್ಟಿದರಂತೆ,
ಬಂಗಾರ ತುಂಬುವವರ ಸಂಘ.
"ನಾಣ್ಯ ಹಾಕಿ ಬಾಯಿ ಮುಚ್ಚಿಸುವುದು
ಹಳೇ ವಿದ್ಯೆ ಕಣೋ ಚೋಂದು," ಎಂದು ನಗುತ್ತಿದ್ದರು.

ಚಂಗಪ್ಪನವರು ಬಂದರು ಒಮ್ಮೆ, ದವಡೆ ಹಿಡಿದುಕೊಂಡು:
ಹಂದಿ ಮಾಂಸದಲ್ಲಿ ತಾವೇ ಹೊಡೆದ ಚರೆ
ತಮ್ಮ ಹಲ್ಲಿಗೇ ಸಿಕ್ಕಿತ್ತು.
ಸೀಸ ಒಡೆದದ್ದನ್ನು ಬೆಳ್ಳಿ ಮುಚ್ಚಿತು.

ತೋಟದವರಿಗೆ ತುಂಬುವುದು, ಲೈನಿನವರಿಗೆ ಕೀಳುವುದು.
ಹಾಗೆಂದು ಎಲ್ಲೂ ಬರೆದಿರಲಿಲ್ಲ.
ತುಂಬಲು ಹದಿನೈದು, ಕೀಳಲು ಎರಡು.
ಅಷ್ಟೇ ಬರೆದಿತ್ತು.

ಒಂದು ಬುಧವಾರ. ಡಾಕ್ಟರು ಊಟಕ್ಕೆ ಹೋದ ಹೊತ್ತು.
ಮೆಟ್ಟಿಲ ಮೇಲೆ ಯರವರ ಹುಡುಗಿ,
ಸೆರಗಿನ ಗಂಟಲ್ಲಿ ಎರಡು ರೂಪಾಯಿ.
ಹೆಸರು ಕೇಳಿದೆ. ಬೊಳ್ಳಿ.
ನಮ್ಮ ಮಾತಲ್ಲಿ ಬೊಳ್ಳಿ ಎಂದರೆ ಬೆಳ್ಳಿ.
ಬಾಯಿ ನೋಡಿದೆ. ಕೀಳುವ ಹಲ್ಲಲ್ಲ ಅದು,
ಒಳ್ಳೆಮೆಣಸಿನ ಕಾಳಿನಷ್ಟು ತೂತು.

ಪೊಟ್ಟಣಗಳ ಮೂಲೆ ಕೊಡವಿ ಕೊಡವಿ
ಬೆಂಕಿಪೆಟ್ಟಿಗೆಯಲ್ಲಿ ಕೂಡಿಟ್ಟ ಪುಡಿ ನನ್ನಲ್ಲಿತ್ತು.
ಅಕ್ಕನ ಚಿನ್ನವನ್ನೂ ಬಿಡದವರು ಎನ್ನುತ್ತಾರಲ್ಲ,
ಹೌದು, ನಾವೇ.
ಡ್ರಿಲ್ಲು ತುಳಿದೆ. ಡಾಕ್ಟರನ್ನು ನೋಡಿ ಕಲಿತದ್ದು, ಅಷ್ಟೆ.
ಅವಳು ಕೂಗಲಿಲ್ಲ,
ನನ್ನ ತೋಳಿನ ಬಟ್ಟೆ ಹಿಡಿದಿದ್ದಳು, ಹರಿಯಿತು.
ಎಂಜಲು ತಾಗಿದರೆ ಸತು ಉಬ್ಬುತ್ತದೆ,
ಹತ್ತಿ ಒತ್ತಿ ಹಿಡಿದೆ, ತುಂಬಿದೆ, ಅದುಮಿದೆ.
"ನಾಳೆವರೆಗೆ ಆ ಕಡೆ ಎಲೆಯಡಿಕೆ ಬೇಡ."
ಎರಡು ರೂಪಾಯಿ ಒರಳಿನ ಪಕ್ಕ ಇಟ್ಟು ಇಳಿದುಹೋದಳು.
ರಿಜಿಸ್ಟರಿನಲ್ಲಿ ಬರೆದೆ:
ಕಿತ್ತದ್ದು, ಒಂದು.

ಈಗ ಬಿಳಿ ಮೇಣವಂತೆ, ನೀಲಿ ಬೆಳಕು ತೋರಿಸಿದರೆ ಕಲ್ಲಂತೆ.
ಕಾಲೇಜಿನ ಹುಡುಗಿ ನನ್ನ ಒರಳನ್ನು
ಕರವಸ್ತ್ರದಲ್ಲಿ ಹಿಡಿದು ನೋಡಿದಳು,
"ವಿಷ ತಾತ ಇದು" ಎಂದಳು. ಕೊಟ್ಟುಬಿಟ್ಟೆ.

ಮೊನ್ನೆ ಸಂತೆಯಲ್ಲಿ, ಒಣಮೀನಿನ ರಾಶಿಯ ಮುಂದೆ
ಮುದುಕಿಯೊಬ್ಬಳು ಬೆಲೆ ಕೇಳಿ ಬಾಯಗಲಿಸಿ ನಕ್ಕಳು.
ಉಳಿದ ಹಲ್ಲು ನಾಲ್ಕೋ ಐದೋ.
ಎಡಕ್ಕೆ, ಕೆಳಗೆ, ಹಿಂದೆ ಒಂದು,
ನೆತ್ತಿ ಕಪ್ಪಗೆ.
ಅವಳೋ, ಅಲ್ಲವೋ,
ಇನ್ನೊಮ್ಮೆ ನಗಲಿ ಎಂದು ನಿಂತೆ.
ಮೀನು ಕಟ್ಟಿಸಿಕೊಂಡು ಹೊರಟೇಹೋದಳು.
ನಾನು ಏನು ಕೊಳ್ಳಲು ಹೋಗಿದ್ದೆನೋ
ಮನೆಗೆ ಬಂದ ಮೇಲೆ ಇವಳು ಕೇಳಿದಳು.